ಹಸಿವು, ಹುಟ್ಟುಗುಣ ಮತ್ತು ಯುದ್ಧ

ನೆಲ, ನೀರು, ಅನ್ನ ಸಾಲದಾದರೆ ಜನ ಬಡಿದಾಡುತ್ತಾರೆ; ಬಡಿದಾಡುವುದು ಮನುಷ್ಯನ ಹುಟ್ಟುಗುಣ. ದಂಗೆ, ಯುದ್ಧದ ಸುದ್ದಿ ಬಂದಾಗಲೆಲ್ಲ ಈ ಎರಡು ಮಾತು ಕೇಳಿಬರುತ್ತವೆ. ಎರಡರಲ್ಲೂ ಸತ್ಯದ ಅಂಶವಿದೆ. ಅದು ಎಷ್ಟು ಎಂಬುದನ್ನು ತಿಳಿಯಲು ಹುಟು ಉಗ್ರರು ಟುಟ್ಸಿಗಳನ್ನು ಸಾಮೂಹಿಕವಾಗಿ ಕೊಂದ 1994ರ ರುವಾಂಡಾ ನರಮೇಧವನ್ನು ಹತ್ತಿರದಿಂದ ನೋಡಬೇಕು.

ತಪ್ಪು ಕಲ್ಪನೆ 1: ರುವಾಂಡಾದಲ್ಲಿ ಜಮೀನಿನ ಕೊರತೆಯೇ ಕೊಲ್ಲಿಸಿತು.

ವಾಸ್ತವ: ಕೊರತೆ ಇದ್ದದ್ದು ನಿಜ. ವಾಯವ್ಯದ ಕನಾಮಾ ಎಂಬಲ್ಲಿ ಸರಾಸರಿ ಹಿಡುವಳಿ ಒಂದು ಎಕರೆಯೂ ಇರಲಿಲ್ಲ. ಅಪ್ಪ-ಮಕ್ಕಳ ನಡುವೆಯೇ ಪಾಲಿನ ವ್ಯಾಜ್ಯ. ಅಲ್ಲಿ ಬಹುತೇಕ ಎಲ್ಲರೂ ಹುಟುಗಳೇ ಆಗಿದ್ದರೂ ಕೊಲೆಗಳಾದವು. ಸತ್ತವರಲ್ಲಿ ಹೆಚ್ಚು ಜಮೀನಿದ್ದವರೂ ಇದ್ದರು. ಆದರೆ ಆ ವ್ಯಾಜ್ಯಗಳು ವರ್ಷಗಳಿಂದ ಇದ್ದವು. ಸಾಮೂಹಿಕ ಹತ್ಯೆ ಶುರುವಾದದ್ದು ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನರ ವಿಮಾನವನ್ನು ಹೊಡೆದುರುಳಿಸಿದ ಮೇಲೆ. 1993ರ ಅರುಷಾ ಒಪ್ಪಂದದಂತೆ ಟುಟ್ಸಿ ಬಂಡುಕೋರರೊಂದಿಗೆ ಅಧಿಕಾರ ಹಂಚಿಕೊಳ್ಳಲು ಒಪ್ಪದ ಗುಂಪು ಅದಕ್ಕೆ ಮೊದಲೇ ಸಜ್ಜಾಗಿತ್ತು. ದೇಶದ ಜನಸಂಖ್ಯೆ 1991ರಲ್ಲಿ ಸುಮಾರು 71 ಲಕ್ಷ. 2022ರಲ್ಲಿ 1 ಕೋಟಿ 32 ಲಕ್ಷ. ನೆಲ ಅಷ್ಟೇ ಇದೆ, ಆದರೂ ದೇಶದೊಳಗೆ ಅಂಥ ನರಮೇಧ ಮತ್ತೆ ನಡೆದಿಲ್ಲ.

ತಪ್ಪು ಕಲ್ಪನೆ 2: ಅದು ಹುಟು-ಟುಟ್ಸಿಗಳ ಅನಾದಿಕಾಲದ ದ್ವೇಷ.

ವಾಸ್ತವ: ಇಬ್ಬರದೂ ಒಂದೇ ಭಾಷೆ, ಅಕ್ಕಪಕ್ಕದ ಮನೆ, ಮದುವೆ ಸಂಬಂಧ ಬೇರೆ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಜನಾಂಗವನ್ನು ಬರೆಸಿತು. 1994ರಲ್ಲಿ ರಸ್ತೆಗೆ ಅಡ್ಡಗಟ್ಟೆ ಹಾಕಿ ನಿಂತವರು ಮೊದಲು ಕೇಳುತ್ತಿದ್ದುದು ಆ ಚೀಟಿಯನ್ನೇ. ಅದರಲ್ಲಿದ್ದ ಒಂದು ಪದ ಸಾವು-ಬದುಕನ್ನು ತೀರ್ಮಾನಿಸುತ್ತಿತ್ತು. ಆರ್‌ಟಿಎಲ್‌ಎಂ ರೇಡಿಯೊ ಯಾರನ್ನು ಹುಡುಕಬೇಕೆಂದು ಹೇಳುತ್ತಿತ್ತು. ಏಪ್ರಿಲ್ 7ರಂದು ಹತ್ಯೆಯಾದ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನ ಸ್ವತಃ ಹುಟು. ಸಂಚುಕೋರರ ದಾರಿಗೆ ಅಡ್ಡವಾಗಿದ್ದರು, ಅಷ್ಟೇ.

ತಪ್ಪು ಕಲ್ಪನೆ 3: ಯುದ್ಧ ನಮ್ಮ ರಕ್ತದಲ್ಲೇ ಇದೆ.

ವಾಸ್ತವ: ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ 1974ರಿಂದ 1978ರವರೆಗೆ ಚಿಂಪಾಂಜಿಗಳ ಒಂದು ಗುಂಪು ಇನ್ನೊಂದನ್ನು ನಿರ್ನಾಮ ಮಾಡಿದ್ದನ್ನು ಜೇನ್ ಗುಡಾಲ್ ತಂಡ ದಾಖಲಿಸಿದೆ. ನಮಗೆ ಅಷ್ಟೇ ಹತ್ತಿರದ ಸಂಬಂಧಿ ಬೊನೊಬೊಗಳಲ್ಲಿ ಅಂಥ ಕಾಳಗ ಕಂಡುಬಂದಿಲ್ಲ. 'ನಮ್ಮವರು-ಪರರು' ಎಂದು ಬೇಗ ಭಾಗವಾಗುವ ಮನಸ್ಸು ನಮಗಿದೆ. ಯಾರು ನಮ್ಮವರು ಎಂಬುದು ಮಾತ್ರ ಹುಟ್ಟಿನಿಂದ ಬಂದದ್ದಲ್ಲ. ಶತಮಾನಗಳ ಕಾಲ ಕಾದಾಡಿದ ಸ್ವೀಡನ್ 1814ರ ನಂತರ ಯಾವ ದೇಶದ ಮೇಲೂ ಯುದ್ಧಕ್ಕೆ ಹೋಗಿಲ್ಲ. ಇಷ್ಟರಲ್ಲಿ ಅಲ್ಲಿನವರ ರಕ್ತವೇನೂ ಬದಲಾಗಿಲ್ಲ.

ತಪ್ಪು ಕಲ್ಪನೆ 4: ಹಸಿದವರೇ ದಂಗೆ ಏಳುತ್ತಾರೆ.

ವಾಸ್ತವ: 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು, ತಿನಿಸು ತುಂಬಿದ ಅಂಗಡಿಗಳ ಮುಂದೆಯೇ ಕೆಲವರು ಪ್ರಾಣಬಿಟ್ಟರು. ಅತ್ತ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧಕ್ಕೆ ಹಣ ಒದಗಿಸಿದ್ದು ವಜ್ರ. ಅಲ್ಲಿ ಕಿಚ್ಚು ಹೆಚ್ಚಿಸಿದ್ದು ನೆಲದೊಳಗಿನ ಸಂಪತ್ತು.

ತಪ್ಪು ಕಲ್ಪನೆ 5: ನೀರು ಕಡಿಮೆಯಾದರೆ ಗಲಭೆ ತಪ್ಪದು.

ವಾಸ್ತವ: ಕರ್ನಾಟಕ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್‌ನಲ್ಲಿ ಗೆಜೆಟ್‌ಗೆ ಬಂದ ಬೆನ್ನಲ್ಲೇ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ಪೆಟ್ಟು ತಿಂದವರಲ್ಲಿ ಕೊಳೆಗೇರಿಯ ತಮಿಳು ಕೂಲಿಕಾರರೂ ಇದ್ದರು. ನಾಲೆ ನೀರಿಗೂ ಅವರಿಗೂ ಸಂಬಂಧವೇ ಇರಲಿಲ್ಲ. 2002ರಲ್ಲಿ ಮಳೆ ಕೈಕೊಟ್ಟು ಚಳವಳಿ ಕಾವೇರಿತು. ಮರುವರ್ಷ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂಬ ವೇದಿಕೆ ಕಟ್ಟಿಕೊಂಡು, ಪರಸ್ಪರರ ಗದ್ದೆ ನೋಡಿ, ಕೂತು ಮಾತಾಡಿದರು.

ಕೊರತೆ ಜನರನ್ನು ಹೈರಾಣಾಗಿಸುತ್ತದೆ, ಹುಟ್ಟುಗುಣ ಬೇಗ ಗುಂಪುಗೂಡಿಸುತ್ತದೆ. ಕೊಲ್ಲುವ ಪಟ್ಟಿ ಬರೆಯಲು ಮಾತ್ರ ಮನುಷ್ಯರೇ ಬೇಕು. ಆದ್ದರಿಂದ ಯಾವುದಾದರೂ ಗಲಭೆಗೆ ಬರವನ್ನೋ ಜನಸಂಖ್ಯೆಯನ್ನೋ ಹೊಣೆ ಮಾಡುವವರು ಸಿಕ್ಕರೆ ಎರಡು ಪ್ರಶ್ನೆ ಕೇಳಿ: ಆದೇಶ ಕೊಟ್ಟವರು ಯಾರು? ಲಾಭ ಪಡೆದವರು ಯಾರು?