ಕರಿಬೇವಿನ ಗಿಡದ ಕಳ್ಳವೇಷ

ಕರಿಬೇವಿನ ಎಳೆಯ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಂಡರೆ ಕೊಡವಿಬಿಡಬೇಡಿ, ಮಕ್ಕಳನ್ನು ಕರೆಯಿರಿ. ಆ ಹಿಕ್ಕೆ ಮೆಲ್ಲಗೆ ತೆವಳಿದರೆ, ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳು. ಕಂದು ಮೈ, ನಡುವೆ ಬಿಳಿ ಮಚ್ಚೆ, ಮೇಲೊಂದಿಷ್ಟು ಹೊಳಪು. ಹಿಕ್ಕೆಯನ್ನು ತಿನ್ನಲು ಯಾವ ಹಕ್ಕಿ ಬಂದೀತು?

ಪೊರೆ ಕಳಚುತ್ತಾ ದೊಡ್ಡದಾದಾಗ ಈ ವೇಷ ಸಾಲದು. ಆಗ ಮೈ ಎಲೆಹಸಿರಾಗುತ್ತದೆ. ಬೆನ್ನಿನ ಮುಂಭಾಗ ಉಬ್ಬಿ, ಅಲ್ಲಿ ಎರಡು ಸುಳ್ಳು ಕಣ್ಣು ಮೂಡುತ್ತವೆ. ನಿಜವಾದ ಪುಟ್ಟ ತಲೆ ಕೆಳಗೆ ಅಡಗಿರುತ್ತದೆ. ಕಡ್ಡಿಯಿಂದ ಒಮ್ಮೆ ಮೆತ್ತಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ. ಇರುವೆಗಳು ನಗುವುದಿಲ್ಲ, ದೂರ ಸರಿಯುತ್ತವೆ.

ಸಾಕಿ ನೋಡುವುದೂ ಸುಲಭ. ಅಗಲ ಬಾಯಿಯ ಬಾಟಲಿ, ಬಾಯಿಗೆ ತೆಳು ಬಟ್ಟೆ, ಒಳಗೊಂದು ಒಣಕಡ್ಡಿ, ಔಷಧಿ ಹೊಡೆಯದ ಗಿಡದ ತಾಜಾ ಎಲೆ. ಒಂದೆರಡು ಹುಳು ಸಾಕು. ದಿನವೂ ಕಸ ತೆಗೆಯುವ ಕೆಲಸ ಮಕ್ಕಳದೇ. ಕೊನೆಗೆ ಹುಳು ಸೊಂಟಕ್ಕೆ ರೇಷ್ಮೆಯ ನೂಲು ಬಿಗಿದುಕೊಂಡು ಕಡ್ಡಿಗೆ ಆತು ಕೋಶವಾಗುತ್ತದೆ.

ಪಠ್ಯಪುಸ್ತಕದ ಚಿತ್ರದಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ಬಾಣಗಳು ಸಲೀಸಾಗಿ ಸುತ್ತುತ್ತವೆ. ಹಿತ್ತಲಲ್ಲಿ ಹಾಗಿಲ್ಲ. ಸಿಂಪಿಗ ಹಕ್ಕಿ, ಜೇಡ, ಇರುವೆಗಳಿಗೆ ಸಿಕ್ಕಿ ಹೆಚ್ಚಿನವು ನಡುವೆಯೇ ಮುಗಿಯುತ್ತವೆ. ಕೆಲವು ಕೋಶಗಳಿಂದ ಚಿಟ್ಟೆಯ ಬದಲು ಪುಟಾಣಿ ಕಣಜಗಳ ಹಿಂಡೇ ಹೊರಬರುತ್ತದೆ. ತಾಯಿ ಕಣಜ ಕೋಶದೊಳಗೇ ಮೊಟ್ಟೆಯಿಟ್ಟಿರುತ್ತದೆ. ಮಕ್ಕಳಿಗೆ ಬೇಜಾರಾದೀತೆಂದು ಇಂಥ ಬಾಟಲಿಯನ್ನು ಸದ್ದಿಲ್ಲದೆ ಎತ್ತಿಡುವ ದೊಡ್ಡವರುಂಟು. ನನ್ನ ಮಟ್ಟಿಗೆ ತೋರಿಸಲೇಬೇಕಾದ ಬಾಟಲಿ ಅದೇ. ಆ ಕಣಜವೂ ಮೊಟ್ಟೆ, ಹುಳು, ಕೋಶ ದಾಟಿಯೇ ಬಂದದ್ದು. ಯಾರ ಪಕ್ಷ ವಹಿಸುವುದು ಎಂದು ಮಕ್ಕಳು ಜಗಳವಾಡಲಿ, ತೀರ್ಪು ಕೊಡಲು ಹೋಗಬೇಡಿ.

ಚಿಟ್ಟೆಯೇ ಹೊರಬಂದರೆ ರೆಕ್ಕೆ ಮುದುಡಿರುತ್ತದೆ. ಮೈಯ ದ್ರವವನ್ನು ರೆಕ್ಕೆಯ ನಾಳಗಳಿಗೆ ತುಂಬಿ, ಅದು ಅರಳಿ ಒಣಗುವವರೆಗೆ ಯಾರೂ ಮುಟ್ಟಕೂಡದು. ಸಹಾಯ ಮಾಡಹೊರಟರೆ ರೆಕ್ಕೆ ಸೊಟ್ಟಗಾಗುತ್ತದೆ.

ಹಾರಿದ ಮೇಲೂ ವೇಷ ಮುಗಿಯದು. ಗಂಡಿನ ಕಪ್ಪು ಹಿಂಬದಿ ರೆಕ್ಕೆಯಲ್ಲಿ ಬಿಳಿ ಪಟ್ಟೆ. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದರೆ, ಉಳಿದವು ಕೆಂಪು ಮಚ್ಚೆ ತೊಟ್ಟು ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳನ್ನು ಅನುಕರಿಸುತ್ತವೆ. ಆ ರೋಸ್‌ಗಳು ಹುಳುವಾಗಿದ್ದಾಗ ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿಂದು ವಿಷ ಕೂಡಿಟ್ಟುಕೊಂಡವು, ಹಕ್ಕಿಗೆ ರುಚಿಸವು. ಅಸಲಿ ಯಾವುದು, ನಕಲಿ ಯಾವುದು ಎಂಬ ಪತ್ತೇದಾರಿಕೆಯನ್ನು ಮಕ್ಕಳಿಗೆ ಬಿಡಿ. ಸುಳಿವು ರೆಕ್ಕೆಯಲ್ಲಿಲ್ಲ, ಮೈಯಲ್ಲಿದೆ: ರೋಸ್‌ನ ಮೈ ಕೆಂಪು, ಮಾರ್ಮನ್‌ನದು ಕಪ್ಪು.