ಹಿತ್ತಾಳೆಯ ಕೊಳವೆಗೆ ಹುಲ್ಲಿನ ನಾಲಗೆ

ಮದ್ದೂರಿನ ಕಲ್ಯಾಣ ಮಂಟಪವೊಂದರಲ್ಲಿ ಬೆಳಗಿನ ಮುಹೂರ್ತ. ಓಲಗದವರು ಜಮಖಾನದ ಮೇಲೆ ಕೂತು ಅಣಿಯಾಗುತ್ತಿದ್ದರು. ಡೋಲಿನವರು ಹದ ನೋಡುತ್ತಿದ್ದರೆ ಸ್ಯಾಕ್ಸೋಫೋನಿನವರು ಮಾತ್ರ ವಾದ್ಯವನ್ನು ಮುಟ್ಟಿರಲಿಲ್ಲ. ಹೆಬ್ಬೆರಳಿನಷ್ಟು ಅಗಲದ ತೆಳು ಪಟ್ಟಿಯೊಂದನ್ನು ತುಟಿಗಳ ನಡುವೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ತುದಿಯ ಕಡೆ ಬೆಳಕು ಹಾಯುವಷ್ಟು ತೆಳುವಾಗಿತ್ತು. "ಒಣಗಿದ ರೀಡು ಮಾತಾಡಲ್ಲ ಸಾರ್, ನೆನೀಬೇಕು" ಅಂದರು. ಮೌತ್‌ಪೀಸಿನ ತುದಿಗೂ ರೀಡಿನ ತುದಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಹೆಬ್ಬೆರಳಿನಲ್ಲಿ ಸರಿಸಿ, ರೀಡನ್ನು ಹಿಡಿದಿಡುವ ಬಿಗಿಪಟ್ಟಿಯ ತಿರುಪು ಬಿಗಿದರು.

ಮಂಟಪದಲ್ಲಿದ್ದವರ ಕಣ್ಣೆಲ್ಲ ಫಳಫಳ ಹೊಳೆಯುವ ಹಿತ್ತಾಳೆಯ ಮೇಲಿತ್ತು. ಆದರೆ ವಾದ್ಯದ ದನಿ ಮೃದುವೋ ಒರಟೋ, ಗಂಭೀರವೋ ಚುರುಕೋ ಎಂಬುದರ ಬಹುಪಾಲು ತೀರ್ಮಾನವಾಗುವುದು ತುಟಿಗೆ ಹಿಡಿಯುವ ಆ ಪುಟ್ಟ ಭಾಗದಲ್ಲಿ.

ತೆಂಗಿನ ಗರಿಯ ಪೀಪಿ ಮಾಡಿ ಊದಿದವರಿಗೆ ಇದರ ಗುಟ್ಟು ಅರ್ಧ ಗೊತ್ತು. ಗರಿಯನ್ನು ಸುರುಳಿ ಸುತ್ತಿದರೆ ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲವಾದ ಕೊಳವೆ. ಕಿರಿದಾದ ಕಡೆ ಗರಿಯನ್ನು ಚಪ್ಪಟೆ ಮಾಡಿ ತುಟಿಯಲ್ಲಿ ಒತ್ತಿ ಊದಿದರೆ 'ಪೀ' ಎನ್ನುತ್ತದೆ. ಸ್ಯಾಕ್ಸೋಫೋನೂ ಇದೇ: ಶಂಕುವಿನಾಕಾರದ ಕೊಳವೆ, ತುದಿಯಲ್ಲೊಂದು ಅದುರುವ ನಾಲಗೆ. ನಾವು ಊದಿದಾಗ ಉಸಿರಿನ ಒತ್ತಡ ರೀಡನ್ನು ಮುಚ್ಚಲು ನೋಡುತ್ತದೆ. ಕೊಳವೆಯ ಆ ಕೊನೆ ಮುಟ್ಟಿ ಹಿಂದಿರುಗಿ ಬರುವ ಒತ್ತಡದ ಅಲೆ ಅದನ್ನು ಮತ್ತೆ ತೆರೆಯುತ್ತದೆ. 440 ಹರ್ಟ್ಜ್ ಸ್ವರ ನುಡಿಯುವಾಗ ಈ ಬಾಗಿಲು ಸೆಕೆಂಡಿಗೆ 440 ಸಲ ತೆರೆದು ಮುಚ್ಚುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ, ಮೈಯೆಲ್ಲ ಹಿತ್ತಾಳೆಯಾದರೂ ಕ್ಲಾರಿನೆಟ್, ಓಬೋಗಳ ಮರದ ವಾದ್ಯಗಳ ಪಂಗಡಕ್ಕೇ ಸೇರಿರುವುದು ಈ ನಾಲಗೆಯಿಂದಾಗಿ.

ಆ ನಾಲಗೆ ಹುಲ್ಲಿನದು. ಅರುಂಡೋ ಡೋನಾಕ್ಸ್ ಎಂಬ ದೊಡ್ಡ ಜೊಂಡಿನ ಕಾಂಡವನ್ನು ಸೀಳಿ, ಕೆತ್ತಿ ರೀಡು ಮಾಡುತ್ತಾರೆ. ಮಂಡ್ಯದ ಕಬ್ಬು, ಮಳವಳ್ಳಿ ಕಡೆಯ ಬತ್ತ, ರಾಗಿ, ಬೇಲಿಯ ಬಿದಿರು ಎಲ್ಲವೂ ಇದೇ ಹುಲ್ಲಿನ ಕುಟುಂಬದವು. ಒಳ್ಳೆಯ ರೀಡಿಗೆ ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ ಜೊಂಡು ಹೆಸರುವಾಸಿ. ಚಳಿಗಾಲದಲ್ಲಿ ಕಡಿದು, ಬಿಸಿಲಿಗೆ ಒಣಗಿಸಿ, ಹದವಾಗಲು ಬಹಳ ಕಾಲ ಬಿಟ್ಟು ಆಮೇಲೆ ಕೆತ್ತುತ್ತಾರೆ. ನಾಗಸ್ವರದ ಪೀಪಿಯೂ ಜೊಂಡಿನದೇ. ಶಿವನಸಮುದ್ರದಲ್ಲಿ ಧುಮುಕಿ ಮುಂದೆ ಹೋಗುವ ಕಾವೇರಿ, ತಂಜಾವೂರು ಸೀಮೆಯ ತನ್ನ ದಡದಲ್ಲಿ ಬೆಳೆಸುವ ಜೊಂಡು ಅದು. ಅಲ್ಲಿ ಎರಡು ಎಸಳು ಒಂದಕ್ಕೊಂದು ಬಡಿಯುತ್ತವೆ. ಸ್ಯಾಕ್ಸೋಫೋನಿನಲ್ಲಿ ಒಂದೇ ಎಸಳು, ಅದು ಬಡಿಯುವುದು ಮೌತ್‌ಪೀಸಿನ ಅಂಚಿಗೆ.

ಹಾಗಾಗಿ ರೀಡನ್ನು ಬಿಟ್ಟು ಮೌತ್‌ಪೀಸಿನ ಮಾತಾಡುವಂತಿಲ್ಲ, ಮೌತ್‌ಪೀಸನ್ನು ಬಿಟ್ಟು ರೀಡಿನ ಮಾತೂ ಆಡುವಂತಿಲ್ಲ. ಇಬ್ಬರದೂ ಜೋಡಿ ಸಂಸಾರ. ಮೌತ್‌ಪೀಸಿನ ತುದಿಗೂ ರೀಡಿಗೂ ನಡುವೆ ಒಂದು ಸಂದು ಇರುತ್ತದೆ. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಅದು ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಚಿಲ್ಲರೆ ಮಿಲಿಮೀಟರ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರು ಬಹುಕಾಲದಿಂದ ಮೆಚ್ಚಿರುವ ಮೌತ್‌ಪೀಸಾದ ಸೆಲ್ಮರ್ ಎಸ್80 ಸಿ-ಸ್ಟಾರ್‌ನಲ್ಲಿ 1.7 ಮಿ.ಮೀ. ಸಂದು ದೊಡ್ಡದಾದಷ್ಟೂ ರೀಡು ಹೆಚ್ಚು ದೂರ ಬಾಗಬೇಕು. ಆಗ ಗಡಸು ರೀಡು ಹಾಕಿದರೆ ಉಸಿರು ಸೋರಿ ಬುಸ್ ಎನ್ನುತ್ತದೆ, ಅರ್ಧ ಗಂಟೆಯಲ್ಲಿ ದವಡೆ ಸೋಲುತ್ತದೆ. ಚಿಕ್ಕ ಸಂದಿಗೆ ತೀರಾ ಮೆತ್ತನೆಯ ರೀಡು ಹಾಕಿದರೆ ಜೋರಾಗಿ ಊದುತ್ತಲೇ ಬಾಗಿಲು ಮುಚ್ಚಿಕೊಂಡು ದನಿ ಹೂತುಹೋಗುತ್ತದೆ. ಚಿಕ್ಕ ಸಂದಿಗೆ ಗಡಸು, ದೊಡ್ಡ ಸಂದಿಗೆ ಮೆತ್ತನೆಯದು. ಹೊಸಬರು ಮೊದಲು ಕಲಿಯಬೇಕಾದ್ದು ಈ ಲೆಕ್ಕ. ರೀಡಿನ ಮೇಲಿನ 2, 2½, 3 ಎಂಬ ಅಂಕಿಗಳು ದಪ್ಪವನ್ನು ಹೇಳುವುದಿಲ್ಲ. ಒಂದೇ ಅಳತೆಗೆ ಕೆತ್ತಿದ ರೀಡುಗಳನ್ನು ಬಾಗಿಸಿ ನೋಡಿ, ಬಿಗುವಿನ ಪ್ರಕಾರ ವಿಂಗಡಿಸಿದ ಅಂಕಿ ಅದು. ತುದಿಯ ದಪ್ಪ ಎಲ್ಲದರಲ್ಲೂ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಕಂಪನಿಯ 2½ ಇನ್ನೊಂದರ 2½ಕ್ಕೆ ಸಮವಾಗಿರಬೇಕೆಂದೇನೂ ಇಲ್ಲ.

ನಾದದ ಬಣ್ಣವನ್ನು ಹೆಚ್ಚು ನಿರ್ಧರಿಸುವುದು ಮೌತ್‌ಪೀಸಿನ ಒಳಗೂಡು. ರೀಡಿನ ಎದುರಿಗಿರುವ ಒಳಚಾವಣಿಗೆ ಬ್ಯಾಫಲ್ ಎನ್ನುತ್ತಾರೆ. ಅದು ರೀಡಿಗೆ ಹತ್ತಿರವಾಗಿ ಎತ್ತರಿಸಿದ್ದರೆ ದನಿಯಲ್ಲಿ ಮೇಲಿನ ಉಪಸ್ವರಗಳು ಬಲಗೊಳ್ಳುತ್ತವೆ. ದನಿ ಖಣಿಲ್ಲೆನ್ನುತ್ತದೆ, ಬೀದಿಯ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ. ಬ್ಯಾಫಲ್ ತಗ್ಗಾಗಿ, ಗೂಡು ಅಗಲವಾಗಿ ದುಂಡಗಿದ್ದರೆ ಉಪಸ್ವರಗಳು ತಗ್ಗಿ ದನಿ ತುಂಬಿದ ಕೊಡದ ಹಾಗೆ ಗಂಭೀರವಾಗುತ್ತದೆ. ಅಡಾಲ್ಫ್ ಸ್ಯಾಕ್ಸ್ ಮಾಡಿದ ಮೂಲ ಮೌತ್‌ಪೀಸುಗಳು ಇಂಥ ದೊಡ್ಡ ದುಂಡು ಗೂಡಿನವು.

ಲೋಹದ ಮೌತ್‌ಪೀಸ್ ಚೂಪು, ಎಬೊನೈಟಿನದು ಮೃದು ಎಂಬ ಮಾತು ಎಲ್ಲ ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಲೋಹದವುಗಳಲ್ಲಿ ಹಲವನ್ನು ಎತ್ತರದ ಬ್ಯಾಫಲ್ ಇಟ್ಟೇ ಮಾಡಿರುತ್ತಾರೆ. ಕಿವಿಗೆ ಕೇಳುವುದು ಆ ಆಕಾರ, ಲೋಹವಲ್ಲ. ಕಲಿಯುವ ಹುಡುಗರು ಹೊಳಪಿಗೆ ಮನಸೋತು ದುಡ್ಡು ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು. ಬಿಸಿನೀರಿನಲ್ಲಿ ತೊಳೆದರೆ, ಬಿಸಿಲಿಗೆ ಬಿಟ್ಟರೆ ಕಪ್ಪು ಬಣ್ಣ ಹಸಿರುಗಂದಾಗಿ ಗಂಧಕದ ವಾಸನೆ ಏಳುತ್ತದೆ. ತಣ್ಣೀರು ಸಾಕು.

ನಮ್ಮ ಸಂಗೀತಕ್ಕೆ ಇನ್ನೊಂದು ಬೇಡಿಕೆಯಿದೆ, ಗಮಕ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅಷ್ಟು ದುಡಿಮೆ ಏಕೆಂದರೆ, ಸ್ಯಾಕ್ಸೋಫೋನಿನ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ತೋಡಿ ರಾಗದ ಗಾಂಧಾರವೋ ಹಾಗೆ ನಿಂತ ಸ್ವರವಲ್ಲ, ತೂಗುವ ಸ್ವರ. ಅದನ್ನು ತರಲು ಕೀಲಿಯನ್ನು ಅರೆ ತೆರೆಯಬೇಕು, ತುಟಿಯ ಒತ್ತಡದಿಂದ ರೀಡನ್ನು ಬಾಗಿಸಬೇಕು. ಮರದಂತೆ ಗಟ್ಟಿಯಾದ ರೀಡು ಬಗ್ಗುವುದಿಲ್ಲ. ತೀರಾ ಮೆತ್ತಗಿದ್ದರೆ ಬಗ್ಗಿದ ಮೇಲೆ ಶ್ರುತಿಯಲ್ಲಿ ನಿಲ್ಲುವುದಿಲ್ಲ. ನಡುವಿನ ಸಂದು, 2ರಿಂದ 2½ರ ರೀಡು, ತಗ್ಗು ಬ್ಯಾಫಲ್: ರಾಗ ನುಡಿಸುವವರು ಹುಡುಕಾಟವನ್ನು ಇಲ್ಲಿಂದ ಶುರುಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಉಳಿದದ್ದು ಮೈಯೊಳಗಿನದು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ, ಪಳಗಿದ ವಾದಕರು ತೀರಾ ಮೇಲಿನ ಸ್ವರಗಳಿಗೆ ಬಾಯಿ, ಗಂಟಲಿನ ಪೊಳ್ಳನ್ನೇ ಶ್ರುತಿಗೊಳಿಸಿಕೊಳ್ಳುತ್ತಾರೆ.

ಮಾರ್ಚ್, ಏಪ್ರಿಲ್ ಮದುವೆಗಳಲ್ಲಿ ರೀಡಿಗೆ ಕಷ್ಟಕಾಲ. ಒಣಹವೆಗೆ ತುದಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಅದಕ್ಕೇ ಮದ್ದೂರಿನ ಆ ಸ್ಯಾಕ್ಸೋಫೋನಿನವರ ಡಬ್ಬಿಯಲ್ಲಿ ನಾಲ್ಕು ರೀಡುಗಳು ಗಾಜಿನ ಪಟ್ಟಿಯ ಮೇಲೆ ಚಪ್ಪಟೆಯಾಗಿ ಮಲಗಿದ್ದವು, ಸರದಿಯ ಮೇಲೆ ಒಂದೊಂದು ದಿನಕ್ಕೆ ಒಂದೊಂದು. ಧಾರೆಯ ಹೊತ್ತಿಗೆ ಅವರು ಮೋಹನ ರಾಗವನ್ನು ಮೆಲ್ಲಗೆ ಹಿಡಿದು ನುಡಿಸಿದರು. ಊಟ ಮುಗಿದು ಮೆರವಣಿಗೆ ಹೊರಡುವಾಗ ಚೀಲದಿಂದ ಇನ್ನೊಂದು ಮೌತ್‌ಪೀಸ್ ತೆಗೆದರು. ಒಳಗೆ ಇಣುಕಿ ನೋಡಿದೆ, ಬ್ಯಾಫಲ್ ಮೆಟ್ಟಿಲಿನ ಹಾಗೆ ಎದ್ದಿತ್ತು. "ಬೀದೀಲಿ ತಮಟೆ ಇರುತ್ತೆ ಸಾರ್, ಅದು ಕೇಳಲ್ಲ, ಇದೇ ಆಗ್ಬೇಕು" ಎಂದು ಹೊಸ ರೀಡೊಂದನ್ನು ತುಟಿಗೆ ಕಚ್ಚಿಕೊಂಡು ಬಾಗಿಲ ಕಡೆ ನಡೆದರು.