ಎರಿ, ಮಸಾರಿ ಮತ್ತು ಮಲಪ್ರಭೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಸೀಮೆಯನ್ನು ಮಳೆಯ ಲೆಕ್ಕದಲ್ಲಿ ಎರಡಾಗಿ ಸೀಳುವುದು ರೂಢಿ: ಪಡುವಣಕ್ಕೆ ಮಲೆನಾಡು, ಮೂಡಣಕ್ಕೆ ಬಯಲುಸೀಮೆ. ಆ ಲೆಕ್ಕ ಸುಳ್ಳಲ್ಲ. ಆದರೆ ಬಾದಾಮಿಯ ಹತ್ತಿರ ಬಂದೊಡನೆ ಕೈಕೊಡುತ್ತದೆ. ಬಾದಾಮಿಗೂ ನೆರೆಯ ರೋಣಕ್ಕೂ ಬೀಳುವ ಮಳೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೂ ಅತ್ತ ಕೆಂಪು ಬಂಡೆ, ಅದರ ಬುಡದಲ್ಲಿ ಉಸುಕು ಬೆರೆತ ತೆಳು ಮಸಾರಿ. ಇತ್ತ ಕಣ್ಣು ಹಾಯುವವರೆಗೆ ಎರಿ ಹೊಲ. ಈ ಸೀಮೆಯ ಬೇಸಾಯವನ್ನೂ ಕಾಲುವೆಯ ತಕರಾರನ್ನೂ ಅರಿಯಬೇಕಾದರೆ ಮಳೆಯ ಅಂಕಿಗಿಂತ ಮೊದಲು ಅಡಿಯ ಕಲ್ಲನ್ನು ನೋಡಬೇಕು.

ಬಾದಾಮಿಯ ಮರಳುಗಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಪದರ ಪದರವಾಗಿ ಕೂತ ಮರಳು. ಅದರಲ್ಲಿ ಬಹುಪಾಲು ಬೆಣಚುಕಲ್ಲಿನ ಕಣ. ಬೆಣಚು ಎಷ್ಟು ಸವೆದರೂ ಜೇಡಿಯಾಗದು, ಉಸುಕಾಗುತ್ತದೆ ಅಷ್ಟೆ. ಆದ್ದರಿಂದಲೇ ಬೆಟ್ಟದ ತಪ್ಪಲಿನ ಮಣ್ಣಿಗೆ ನೀರು ಹಿಡಿದಿಡುವ ಕಸುವಿಲ್ಲ. ಚಾಲುಕ್ಯರಿಗೆ ಒದಗಿಬಂದದ್ದೂ ಇದೇ ಕಲ್ಲು. ದಪ್ಪ ಪದರಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುವುದರಿಂದ ಬಾದಾಮಿಯಲ್ಲಿ ಗುಹೆ ಕೊರೆಯುವುದು ಸಾಧ್ಯವಾಯಿತು. ಐಹೊಳೆ, ಪಟ್ಟದಕಲ್ಲಿನಲ್ಲಿ ಚಪ್ಪಡಿ ಎಬ್ಬಿಸಿ ಗುಡಿ ಕಟ್ಟುವುದಕ್ಕೂ ಅದೇ ನೆರವಾಯಿತು. ಬೆಳೆಗೆ ಬಡವಾದ ನೆಲವೆಂದು ಇದನ್ನು ತಳ್ಳಿಹಾಕುವವರು ಮಹಾಕೂಟದ ಪುಷ್ಕರಿಣಿಯನ್ನು ನೆನೆಯಲಿ. ಮಣ್ಣು ಹಿಡಿಯಲಾರದ ಮಳೆನೀರನ್ನು ಬಂಡೆಯ ಬಿರುಕುಗಳು ಒಳಗಿಳಿಸಿಕೊಂಡು ಬುಡದಲ್ಲಿ ಬುಗ್ಗೆಯಾಗಿ ಹೊರಬಿಡುತ್ತವೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಎರಿ ಮಣ್ಣು ಬಸಾಲ್ಟಿನ ಕೂಸು ಎಂದು ಶಾಲೆಯ ಪುಸ್ತಕ ಹೇಳುತ್ತದೆ. ರೋಣ, ನವಲಗುಂದದ ಬಯಲಿನ ಬಹುಭಾಗದ ಅಡಿಯಲ್ಲಿರುವುದೋ ಬಸಾಲ್ಟಿಗಿಂತ ಬಹಳ ಹಳೆಯದಾದ ಧಾರವಾಡದ ಪದರುಶಿಲೆ ಮತ್ತು ಗ್ನೀಸ್. ಕಲ್ಲೇ ನಿರ್ಣಾಯಕವಾದರೆ ಅಲ್ಲಿ ಎರಿ ಬಂದದ್ದು ಹೇಗೆ? ಇನ್ನೂ ತೊಡಕಿನ ಸಂಗತಿಯೆಂದರೆ, ಬಸಾಲ್ಟು ನಿಜವಾಗಿ ಇರುವ ಬೆಳಗಾವಿಯ ಪಡುವಣ ಅಂಚಿನಲ್ಲಿ ಅದು ಎಷ್ಟೋ ಕಡೆ ಎರಿಯಾಗದೆ ಕೆಂಪು ಜಂಬಿಟ್ಟಿಗೆಯಾಗಿದೆ. ಆಕ್ಷೇಪದಲ್ಲಿ ಹುರುಳಿದೆ, ಹಾಗಾಗಿ ವಾದವನ್ನು ಕೊಂಚ ತಿದ್ದಬೇಕು. ಕಲ್ಲು ಕೊಡುವುದು ಸರಕು ಮಾತ್ರ. ಸುಣ್ಣ, ಮೆಗ್ನೀಸಿಯಮ್ಮಿನ ಅಂಶವುಳ್ಳ ಕಲ್ಲು ಸಮತಟ್ಟಾದ ಕಡಿಮೆ ಮಳೆಯ ನೆಲದಲ್ಲಿ ಕರಗಿದರೆ ಆ ಅಂಶಗಳು ಅಲ್ಲೇ ಉಳಿದು ಉಬ್ಬುವ ಜೇಡಿಯಾಗುತ್ತವೆ. ಘಟ್ಟದ ಮಳೆಯಲ್ಲಿ ಅವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಮ್ಮುಗಳ ಗಟ್ಟಿ ಜಂಬಿಟ್ಟಿಗೆ ಉಳಿಯುತ್ತದೆ. ಬೆಣಚಿನಲ್ಲಾದರೋ ಅಂಥ ಸರಕೇ ಇಲ್ಲ. ಅಲ್ಲಿ ಮಳೆ ಹೆಚ್ಚಾದರೂ ಕಡಿಮೆಯಾದರೂ ಎರಿ ಹುಟ್ಟದು.

ಎರಿಯ ಗುಣವನ್ನು ಬಯಲಿನ ಒಕ್ಕಲು ಎಂದೋ ಬಲ್ಲದು. ಬೇಸಿಗೆಯಲ್ಲಿ ಬಾಯಿಬಿಡುವ ಹೊಲ ಮಳೆಗಾಲದಲ್ಲಿ ಹಸಿ ಕುಡಿದು ಮುಚ್ಚಿಕೊಳ್ಳುತ್ತದೆ. ಆ ಹಸಿಯ ಮೇಲೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬರುತ್ತವೆ. ನೀರನ್ನು ಬಿಟ್ಟುಕೊಡದ ಈ ಗುಣವೇ ಕಾಲುವೆ ಬಂದಾಗ ಕಂಟಕವಾಯಿತು. ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಗೆ ಕಟ್ಟಿದ ಅಣೆಕಟ್ಟಿನ ನೀರು 1970ರ ದಶಕದಲ್ಲಿ ಎರಿ ಹೊಲಗಳಿಗೆ ಹರಿಯಿತು. ಬಸಿಗಾಲುವೆ ಸಾಲದ ಕಡೆ ನೀರು ನಿಂತು, ಉಪ್ಪು ಮೇಲೆದ್ದು, ನೆಲ ಸವಳು-ಜವಳಾಯಿತು. ನೀರು ಹರಿದಲ್ಲೆಲ್ಲ ಹೊಲದ ಬೆಲೆ ಏರುತ್ತದೆಂಬ ಎಣಿಕೆಯಲ್ಲಿ ಸರ್ಕಾರ ಬೆಟರ್‌ಮೆಂಟ್ ಲೆವಿ ಹೇರಿತು. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಸಿಡಿದೆದ್ದಾಗ ಆ ಲೆವಿ ದೊಡ್ಡ ಕಾರಣಗಳಲ್ಲಿ ಒಂದಾಗಿತ್ತು. ಮಸಾರಿಗೂ ಎರಿಗೂ ಒಂದೇ ಅಳತೆಗೋಲು ಹಿಡಿದ ಆ ಎಣಿಕೆ ಬುಡದಲ್ಲೇ ತಪ್ಪಾಗಿತ್ತು.

ಜಲಾಶಯ ತುಂಬುವುದೇ ಅಪರೂಪವಾಗಿರುವಾಗ ಮಣ್ಣಿನ ಮಾತೇಕೆ, ಮೊದಲು ಮಹದಾಯಿ ನೀರು ಬರಲಿ ಎನ್ನುವವರಿದ್ದಾರೆ. ಅವರ ಬಾಯಾರಿಕೆ ಸುಳ್ಳಲ್ಲ. ಆದರೆ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ 2018ರಲ್ಲಿ ಜಲವಿವಾದ ನ್ಯಾಯಮಂಡಳಿ ಕೊಟ್ಟದ್ದು 3.9 ಟಿಎಂಸಿ, ಅದೂ ಕುಡಿಯುವುದಕ್ಕೆ. ಹೊಲಕ್ಕೆ ಸಿಗುವ ನೀರು ಮುಂದೆಯೂ ಕೊರತೆಯದೇ. ಅದನ್ನು ಬಸಿಗಾಲುವೆಯಿಲ್ಲದ ಎರಿಗೆ ಕಬ್ಬಿನ ಲೆಕ್ಕದಲ್ಲಿ ಹಾಯಿಸುವುದೋ, ಹಿಂಗಾರಿ ಬೆಳೆಗೆ ಒಂದೆರಡು ತೆಳು ನೀರು ಕೊಟ್ಟು ಉಳಿಸುವುದೋ ಎಂಬುದು ಹಳ್ಳಿ ಹಳ್ಳಿಯ ಮಣ್ಣಿನ ನಕ್ಷೆಯನ್ನು ಮುಂದಿಟ್ಟುಕೊಂಡು ತೀರ್ಮಾನವಾಗಬೇಕಾದ ವಿಷಯ.